ಅಡಯಾರಿನಲ್ಲಿ ಕೇಳಿದ ಜೋಗುಳ

ವೆಸ್ಟ್ ಮಾಂಬಲಂ, ಚೆನ್ನೈ
ಗುರುವಾರ, ೪ ಮಾರ್ಚ್ ೨೦೦೪

ಚಿ. ಸೌ. ಸುಮೇಧಾಳಿಗೆ ಅಮ್ಮ ಮಾಡುವ ಆಶೀರ್ವಾದಗಳು.

ನಾವಿಬ್ಬರೂ ಕ್ಷೇಮ ಎಂದು ಬರೆಯುವುದು ರೂಢಿ, ಅದಕ್ಕೇ ಬರೆದಿದ್ದೇನೆ. ನಿಜ ಹೇಳಬೇಕೆಂದರೆ ನಿಮ್ಮಪ್ಪನಿಗೆ ಮಂಡಿನೋವು, ನನಗೆ ಭಾನುವಾರದಿಂದ ಎದೆ ಡವಗುಟ್ಟುತ್ತಿದೆ. ಡಾಕ್ಟರು ಗ್ಯಾಸ್ ಎಂದು ಬಿಳಿ ಮಾತ್ರೆ ಬರೆದುಕೊಟ್ಟರು. ಗ್ಯಾಸ್ ಅಲ್ಲವೆಂದು ಗೊತ್ತಿದ್ದೂ ನುಂಗುತ್ತಿದ್ದೇನೆ.

ಜನವರಿಯಲ್ಲಿ ನೀನು ಪುಣೆಯಿಂದ ಬರೆದ ಮೂರು ಪುಟದ ಕಾಗದಕ್ಕೆ ಇಷ್ಟು ದಿನ ಉತ್ತರ ಬರೆಯಲಿಲ್ಲ. ತಪ್ಪಾಯಿತು. ಪ್ರತಿ ಭಾನುವಾರ ಫೋನಿನಲ್ಲಿ ಮಾತಾಡುತ್ತೇವಲ್ಲ, ಈಗ ಕಾಗದ ಏಕೆ ಎಂದು ನೀನು ಕೇಳಬಹುದು. ಫೋನು ಹಿಡಿದರೆ ನನ್ನ ಬಾಯಿಗೆ ಬರುವುದು ನೀರಿನ ಲಾರಿ ಬಂತೇ ಇಲ್ಲವೇ, ಪಕ್ಕದ ಮನೆ ಸುಗುಣಾ ನನ್ನ ಕೊಡವನ್ನು ಹಿಂದೆ ತಳ್ಳಿ ತನ್ನದನ್ನು ಮುಂದಿಟ್ಟಳೇ ಇಲ್ಲವೇ, ಇಷ್ಟೇ. ನೀನು ‘ಮತ್ತೇನಮ್ಮ?’ ಎನ್ನುತ್ತೀ. ನಾನು ‘ಮತ್ತೇನಿಲ್ಲ’ ಎಂದು ಇಟ್ಟುಬಿಡುತ್ತೇನೆ. ಇಟ್ಟ ಮೇಲೆ ಅಡುಗೆಮನೆಯಲ್ಲಿ ನಿಂತು, ಹೇಳಬೇಕಾಗಿದ್ದನ್ನೆಲ್ಲ ಗೋಡೆಗೆ ಹೇಳುತ್ತೇನೆ. ಗೋಡೆಗೂ ಬೇಸರ ಬಂದಿರಬೇಕು.

ನಿನ್ನ ಕಾಗದದ ಒಂದು ಸಾಲು ನನಗೆ ಬಾಯಿಪಾಠವಾಗಿದೆ. ‘ನನ್ನ ಮಗಳನ್ನು ನನಗೆ ಒಂದು ಸಲವೂ ತೋರಿಸದೆ ಮಣ್ಣು ಮಾಡಿ ಬಂದವನ ಜೊತೆ ನಾನು ಹೇಗಮ್ಮ ಬಾಳಲಿ?’ ಎಂದು ಬರೆದಿದ್ದೆ. ಒಂದು ವರ್ಷ ಬೇರೆ ಇದ್ದಾಯಿತು, ಇನ್ನು ಇಬ್ಬರೂ ಒಪ್ಪಿ ಬಿಡುಗಡೆಯಾಗುವುದೇ ಸರಿ, ಸಮೀರ್‌ಗೆ ಕಾಗದಪತ್ರ ಕಳಿಸುತ್ತಿದ್ದೇನೆ ಎಂದೂ ಬರೆದಿದ್ದೆ.

ಕಾಗದಪತ್ರ ಅವರ ಕೈ ಸೇರಿದೆ. ಮೊನ್ನೆ ಮಂಗಳವಾರ ಪೆರುಂಗುಡಿಯ ಆಫೀಸಿನಿಂದ ನೆಟ್ಟಗೆ ಇಲ್ಲಿಗೇ ಬಂದರು. ಎರಡು ಕ್ಯಾನು ನೀರು ತಂದಿದ್ದರು. ನೀನು ಹೋದಮೇಲೂ ಆ ಮನುಷ್ಯ ವಾರಕ್ಕೊಂದು ಸಲ ಬರುವುದನ್ನು ಬಿಟ್ಟಿಲ್ಲ. ನಾನು ಇದನ್ನು ನಿನಗೆ ಫೋನಿನಲ್ಲಿ ಹೇಳಿಲ್ಲ, ಹೇಳಿದರೆ ನೀನು ಸುಮ್ಮನಾಗಿಬಿಡುತ್ತೀ. ಕಾಫಿ ಕುಡಿದು ಲೋಟ ತಾವೇ ತೊಳೆದಿಟ್ಟು, ‘ಸೋಮವಾರ ಸಹಿ ಹಾಕಿ ಕೊರಿಯರ್ ಮಾಡ್ತೀನಿ ಅತ್ತೆ. ಅವಳಿಗೆ ಇದ್ರಿಂದ ನೆಮ್ಮದಿ ಸಿಗೋದಾದ್ರೆ ಸಿಗಲಿ’ ಎಂದರು. ನಿಮ್ಮಪ್ಪ ಪೇಪರಿನ ಹಿಂದೆ ಮುಖ ಮುಚ್ಚಿಕೊಂಡರು. ಬೆಳಿಗ್ಗೆಯೇ ಎರಡು ಸಲ ಓದಿ ಮುಗಿಸಿದ್ದ ಪೇಪರು ಅದು.

ಸೋಮವಾರಕ್ಕೆ ಇನ್ನು ನಾಲ್ಕು ದಿನವಿದೆ. ಸ್ಪೀಡ್ ಪೋಸ್ಟಿನಲ್ಲಿ ಹಾಕಿದರೆ ಶನಿವಾರ ನಿನ್ನ ಕೈಗೆ ಸಿಗುತ್ತದಂತೆ. ಸಿಗದಿದ್ದರೆ ಏನು ಗತಿ ಎಂದು ಅವಸರದಲ್ಲಿ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಅದಕ್ಕೇ.

ಆದರೆ ನಾನು ಮೊದಲು ಭಾನುವಾರದ ವಿಷಯ ಹೇಳಬೇಕು. ಅದನ್ನು ಹೇಳದಿದ್ದರೆ ಮುಂದಿನದನ್ನು ಹೇಳಲಾರೆ.

ನಿನ್ನ ಜೊತೆ ಸ್ಪ್ಯಾನಿಷ್ ಕಲಿಸುತ್ತಿದ್ದ ಮೈಸೂರಿನ ಹುಡುಗಿ ನಂದಿತಾ ಹೋದ ವಾರ ಮನೆಗೆ ಬಂದಿದ್ದಳು. ಅಡಯಾರಿನಲ್ಲಿ ಮೂರು ಸಂಜೆ ಕೊಲಂಬಿಯಾದ ಕರಿಯ ಜನರ ಹಾಡು, ಕುಣಿತ, ಅಡುಗೆ ಎಲ್ಲ ಸೇರಿದ ಉತ್ಸವ ಎಂದಳು. ‘ಆಂಟಿ, ನೀವು ಬರ್ಲೇಬೇಕು. ಹಾಡಿನ ಪುಸ್ತಕದಲ್ಲಿ ಇರೋ ಅನುವಾದ ಎಲ್ಲಾ ಸುಮೇಧಾದೇ. ಪುಣೆಯಿಂದಾನೇ ಮಾಡಿ ಕಳಿಸಿದ್ಲು’ ಎಂದು ಎರಡು ಪಾಸು ಮೇಜಿನ ಮೇಲಿಟ್ಟಳು. ನೀನು ಇಂಥದ್ದೊಂದು ಮಾಡಿದ್ದೀ ಎಂದು ನನಗೆ ಹೇಳಿಯೇ ಇರಲಿಲ್ಲ. ಹೇಳದೆ ಇದ್ದದ್ದಕ್ಕೆ ಒಂದು ಗಳಿಗೆ ಕೋಪ ಬಂತು, ಆಮೇಲೆ ಆಸೆ ಬಂತು. ಅನುವಾದ ಮಾಡಿದವಳು ಕಾರ್ಯಕ್ರಮಕ್ಕೆ ಬರದೆ ಇರುತ್ತಾಳೆಯೇ, ನಮಗೆ ಹೇಳದೆ ಬಂದು ನಿಲ್ಲುತ್ತಾಳೆ ಎಂದುಕೊಂಡೆ. ನಿನಗೆಂದು ಒಂದು ಡಬ್ಬಿ ತೇಂಗೊಳಲು ಕಟ್ಟಿಕೊಂಡೇ ಹೊರಟೆ. ನಿಮ್ಮಪ್ಪನಿಗೆ ಹೇಳಲಿಲ್ಲ, ಹೇಳಿದ್ದರೆ ನಕ್ಕುಬಿಡುತ್ತಿದ್ದರು.

ದೊರೈಸ್ವಾಮಿ ಸಬ್‌ವೇ ದಾಟಿ ಟಿ. ನಗರದಲ್ಲಿ ಬಸ್ಸು ಹಿಡಿದು ಹೋದೆವು. ದಾರಿಯ ಉದ್ದಕ್ಕೂ ನನಗೆ ಯೋಚನೆ. ಗ್ಯಾಸ್ ಸಿಲಿಂಡರಿನ ಬಾಯಿ ತಿರುಗಿಸಿದೆನೋ ಇಲ್ಲವೋ, ನೀನು ಬಂದಿದ್ದರೆ ಏನು ಮಾತಾಡುವುದು, ಬರದಿದ್ದರೆ ಆ ನಂದಿತಾಳ ಮುಂದೆ ಮುಖ ಹೇಗಿಟ್ಟುಕೊಳ್ಳುವುದು. ನಿಮ್ಮಪ್ಪ ಮಾತ್ರ ಕಿಟಕಿಯ ಪಕ್ಕ ಕೂತು ಒಳ್ಳೆ ನಿದ್ದೆ ಮಾಡಿದರು.

ಬಯಲು ರಂಗದ ಸುತ್ತ ಚಪ್ಪರ ಹಾಕಿದ್ದರು. ಒಂದು ಕಡೆ ನದಿಯ ನೀರಿನ ಮೇಲೆ ಕಂಬ ನೆಟ್ಟು ಕಟ್ಟಿದ ಮನೆಗಳ ಚಿತ್ರಗಳು. ಇನ್ನೊಂದು ಕಡೆ ಅವರ ಹೆಂಗಸೊಬ್ಬಳು ಸ್ಟೂಲಿನ ಮೇಲೆ ಕೂತು ಕಾಲೇಜು ಹುಡುಗಿಯರಿಗೆ ಸಣ್ಣ ಸಣ್ಣ ಜಡೆ ಹೆಣೆಯುತ್ತಿದ್ದಳು, ಸಾಲು ಗೇಟಿನವರೆಗೆ ಇತ್ತು. ನಮ್ಮ ಬಾಳೆಕಾಯಿಯನ್ನೇ ಕರಿದು, ಚಪ್ಪಟೆ ಮಾಡಿ, ಮತ್ತೆ ಕರಿದು ಕೊಡುತ್ತಿದ್ದರು. ಆ ಎಣ್ಣೆಯಲ್ಲಿ ಮೀನೂ ಬಿದ್ದಿರುತ್ತದೆಂದು ನಾನು ಹತ್ತಿರ ಹೋಗಲಿಲ್ಲ. ನಿಮ್ಮಪ್ಪ ‘ಕೇಳಿ ತಗೊಂಡೆ, ಇದು ಬೇರೆ ಬಾಣಲೆ ಕಣೇ’ ಎಂದು ಎರಡು ತಿಂದರು. ಕೇಳಿದ್ದು ಯಾವ ಭಾಷೆಯಲ್ಲಿ ಎಂದು ನಾನು ವಿಚಾರಿಸಲಿಲ್ಲ.

ನಾಲ್ಕು ಸಲ ಸುತ್ತು ಹಾಕಿದೆ. ನೀನು ಬಂದಿರಲಿಲ್ಲ. ನಂದಿತಾ ನನ್ನ ಮುಖ ನೋಡಿಯೇ ಅರ್ಥ ಮಾಡಿಕೊಂಡಳೆಂದು ಕಾಣುತ್ತದೆ. ‘ಅವ್ಳಿಗೆ ರಜಾ ಸಿಕ್ಲಿಲ್ಲ ಆಂಟಿ’ ಎಂದಳು. ರಜೆ ಸಿಗದೆ ಅಲ್ಲ, ಈ ಊರಿಗೆ ಬರಲು ನಿನಗೆ ಮನಸ್ಸಿಲ್ಲವೆಂದು ನನಗೆ ಗೊತ್ತಾಯಿತು.

ಮೊದಲ ಒಂದು ಗಂಟೆ ಚೆನ್ನಾಗಿತ್ತು ಎಂದೇ ಹೇಳಬೇಕು. ಮರದ ಪಟ್ಟಿಗಳನ್ನು ಸಾಲಾಗಿ ಜೋಡಿಸಿ, ಕೆಳಗೆ ಬಿದಿರಿನ ಕೊಳವೆಗಳನ್ನು ತೂಗುಬಿಟ್ಟ ಒಂದು ವಾದ್ಯ, ಮರಿಂಬಾ ಎಂದು ಹೆಸರು. ಇಬ್ಬರು ನಿಂತು ಅದನ್ನು ಕೋಲಿನಿಂದ ಬಾರಿಸಿದರೆ ತೊಟ್ಟಿಗೆ ನೀರು ಬೀಳುವ ಹಾಗೆ ಕೇಳುತ್ತದೆ. ಈ ಬೇಸಿಗೆಯಲ್ಲಿ ಮದ್ರಾಸಿನವರಿಗೆ ಅದಕ್ಕಿಂತ ಒಳ್ಳೆಯ ಸಂಗೀತ ಯಾವುದಿದೆ. ಪೆರಂಬೂರಿನಲ್ಲಿ ಮೂವತ್ತನಾಲ್ಕು ವರ್ಷ ರೈಲು ಡಬ್ಬಿಗಳ ಮರದ ಕೆಲಸ ನೋಡಿದ ನಿಮ್ಮಪ್ಪ ಹಾಡು ಕೇಳುವುದು ಬಿಟ್ಟು, ‘ಅದು ತಾಳೆ ಜಾತಿ ಮರ, ಎಳೆ ನೋಡು’ ಎಂದು ನನ್ನ ಮೊಣಕೈ ತಿವಿಯುತ್ತಿದ್ದರು. ಆಫ್ರಿಕಾದಿಂದ ಗುಲಾಮರಾಗಿ ಸಾಗಿಸಲ್ಪಟ್ಟವರ ಮಕ್ಕಳು ಮೊಮ್ಮಕ್ಕಳು ಇವರು, ಕಡಲ ತೀರದ ಕಾಡಿನಲ್ಲಿ ಈ ಹಾಡುಗಳನ್ನು ಉಳಿಸಿಕೊಂಡು ಬಂದರು ಎಂದು ನಂದಿತಾ ಮೈಕಿನಲ್ಲಿ ಹೇಳಿದಳು.

ಆಮೇಲೆ ಅವಳು ನಿನ್ನ ಪುಸ್ತಕ ತೆರೆದು ಓದಿದಳು. ಇಂಗ್ಲಿಷಿನಲ್ಲಿ ಓದಿದರೂ ನಿಧಾನವಾಗಿ ಓದಿದ್ದರಿಂದ ನನಗೆ ತಿಳಿಯಿತು. ಆ ಊರುಗಳಲ್ಲಿ ಚಿಕ್ಕ ಮಗು ತೀರಿಹೋದರೆ ಹೆಂಗಸರೆಲ್ಲ ಸೇರಿ ಜೋಗುಳ ಹಾಡುತ್ತಾರಂತೆ. ಮಗುವಿಗೆ ಪಾಪ ಅಂಟಿರುವುದಿಲ್ಲ, ಅದು ನೇರವಾಗಿ ದೇವರ ಹತ್ತಿರ ಹೋಗುತ್ತದೆ, ಅದಕ್ಕಾಗಿ ಆಟದ ಹಾಡು, ಚಪ್ಪಾಳೆ. ಮಗುವನ್ನು ತೋಳಿನಿಂದ ತೋಳಿಗೆ ದಾಟಿಸುತ್ತಾರಂತೆ, ಊರಿನ ಎಲ್ಲರೂ ಒಂದು ಸಲ ಎತ್ತಿಕೊಳ್ಳಲಿ ಎಂದು.

ಸುಮೇಧಾ, ನನಗೆ ಎದ್ದು ಹೋಗಬೇಕೆನ್ನಿಸಿತು. ಚೀಲ ಹುಡುಕಿದೆ, ಚಪ್ಪಲಿ ಹುಡುಕಿದೆ. ಅಷ್ಟರಲ್ಲಿ ಹಾಡು ಶುರುವಾಗಿತ್ತು. ತಲೆಗೆ ಬಿಳಿ ಬಟ್ಟೆ ಸುತ್ತಿದ, ನನ್ನ ವಯಸ್ಸಿನ, ನನ್ನಷ್ಟೇ ದಪ್ಪಗಿರುವ ಒಬ್ಬಾಕೆ ಮುಂದೆ ನಿಂತಿದ್ದಳು. ಎಲ್ಬಾ ಎಂದು ಹೆಸರು. ಕೈಯಲ್ಲಿ ಬೀಜ ತುಂಬಿದ ಬಿದಿರಿನ ಕೊಳವೆ, ಅಲ್ಲಾಡಿಸಿದರೆ ಮಳೆಯ ಸದ್ದು. ಹಾಡುತ್ತಲೇ ಅವಳು ಒಂದು ಬಿಳಿ ಬಟ್ಟೆಯನ್ನು ಮಡಿಸಿ ಮಡಿಸಿ ಕೈಗೂಸಿನ ಅಳತೆಗೆ ಸುತ್ತಿದಳು. ವೇದಿಕೆಯ ಮೇಲಿನ ಹೆಂಗಸರ ಕೈಯಲ್ಲಿ ಅದು ಒಂದು ಸುತ್ತು ಬಂತು. ಅಲ್ಲಿಗೆ ಮುಗಿಯಿತು ಎಂದುಕೊಂಡರೆ, ಅವಳು ಮೆಟ್ಟಿಲಿಳಿದು ನಾವು ಕೂತಲ್ಲಿಗೇ ಬಂದಳು.

ಮುಂದಿನ ಸಾಲಿನ ಮಾಮಿಯೊಬ್ಬರು ಪ್ರಸಾದವೆಂದು ತಿಳಿದು ಕಣ್ಣಿಗೊತ್ತಿಕೊಂಡು ಪಕ್ಕದವರಿಗೆ ಕೊಟ್ಟರು. ಪಕ್ಕದವರೂ ಹಾಗೇ ಮಾಡಿದರು. ಬೇರೆ ದಿನವಾಗಿದ್ದರೆ ನಾನು ನಗುತ್ತಿದ್ದೆ. ಹಾಗೆ ಕೈದಾಟುತ್ತ ಅದು ನನ್ನ ಹತ್ತಿರ ಬಂತು. ನಾನು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡೆ. ‘ವೇಂಡಾಮ್ಮಾ’, ಬೇಡಮ್ಮ ಎಂದೆ, ಗಾಬರಿಯಲ್ಲಿ ತಮಿಳಿನಲ್ಲಿ. ಎಲ್ಬಾ ಹಾಡು ನಿಲ್ಲಿಸಲಿಲ್ಲ, ಮುಂದೆಯೂ ಹೋಗಲಿಲ್ಲ. ನನ್ನ ಮುಖ ನೋಡುತ್ತ, ಅದೇ ಸಾಲನ್ನು ತಿರುಗಿ ತಿರುಗಿ ಹಾಡುತ್ತ ನಿಂತಳು. ಸುತ್ತಲಿನವರೆಲ್ಲ ನನ್ನನ್ನೇ ನೋಡುತ್ತಿದ್ದರು.

ನಿಮ್ಮಪ್ಪ ಕೈ ಚಾಚಿದರು. ಅದನ್ನು ತೆಗೆದುಕೊಂಡು ಎಡತೋಳಿನ ಮೇಲೆ ಸರಿಯಾಗಿ ಮಲಗಿಸಿಕೊಂಡು, ಬಲಗೈಯಲ್ಲಿ ಬಟ್ಟೆಯ ತುದಿ ಸರಿಮಾಡಿದರು. ನೀನು ಹುಟ್ಟಿದಾಗ ನಿನ್ನನ್ನು ಹಾಗೇ ಹಿಡಿಯುತ್ತಿದ್ದರು. ಆಮೇಲೆ ಆ ಜನರ ನಡುವೆ, ಆ ದೀಪಗಳ ಕೆಳಗೆ, ಅರವತ್ತೆಂಟು ವರ್ಷದ ಮನುಷ್ಯ ಅತ್ತುಬಿಟ್ಟರು. ನಾನು ಅವರ ಅಮ್ಮ ಸತ್ತಾಗಲೂ ಅವರು ಅತ್ತದ್ದನ್ನು ನೋಡಿಲ್ಲ.

ಕಾರ್ಯಕ್ರಮ ಎಂಟು ಗಂಟೆಗೆ ಮುಗಿಯಿತು. ನಂದಿತಾ ನಮ್ಮನ್ನು ಚಪ್ಪರದ ಹಿಂದೆ ಎಲ್ಬಾಳ ಹತ್ತಿರ ಕರೆದುಕೊಂಡು ಹೋದಳು. ಆಕೆ ಕಾಲು ಚಾಚಿ ಕೂತು ಎಳನೀರು ಕುಡಿಯುತ್ತಿದ್ದಳು. ಕ್ಷಮೆ ಕೇಳೋಣವೆಂದು ಹೋದವಳು ನಾನು, ಬೇರೆ ಏನೋ ಕೇಳಿದೆ. ‘ಮಗು ಹೋದ್ಮೇಲೆ ಅದನ್ನ ತಾಯಿಗೂ ತೋರಿಸ್ತೀರಾ? ಅವಳು ತಡ್ಕೋತಾಳಾ?’ ಎಂದೆ. ನಂದಿತಾ ಅದನ್ನು ಸ್ಪ್ಯಾನಿಷ್‌ನಲ್ಲಿ ಕೇಳಿದಳು. ಎಲ್ಬಾಳಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲವೆಂದು ಕಾಣುತ್ತದೆ, ಎರಡು ಸಲ ಕೇಳಿಸಿಕೊಂಡಳು. ಆಮೇಲೆ ಹೇಳಿದ್ದನ್ನು ನಂದಿತಾ ಹೀಗೆ ಹೇಳಿದಳು: ‘ತಾಯಿ ಕೈಯಿಂದಾನೇ ಅಲ್ವಾ ನಾವು ಮಗೂನ ತಗೊಳ್ಳೋದು, ಇನ್ಯಾರ ಕೈಯಿಂದ ತಗೋತೀವಿ, ಅಂತಿದಾರೆ ಆಂಟಿ.’

ಬಸ್ಸಿನಲ್ಲಿ ನಿಮ್ಮಪ್ಪ ಸೈದಾಪೇಟೆಯವರೆಗೆ ಟಿಕೆಟ್ಟನ್ನು ಮಡಿಸುತ್ತ ಬಿಚ್ಚುತ್ತ ಕೂತಿದ್ದರು. ಆಮೇಲೆ, ‘ನಮ್ಮ ಮಗು ಎಷ್ಟು ತೂಕ ಇತ್ತು?’ ಎಂದು ಕೇಳಿದರು. ಹದಿನಾಲ್ಕು ತಿಂಗಳಲ್ಲಿ ಮೊದಲ ಸಲ. ‘ಒಂದೂಕಾಲು ಕಿಲೋ’ ಎಂದೆ. ‘ಆಸ್ಪತ್ರೆಯ ಗಾಜಿನ ಆಚೆಯಿಂದ ನೋಡಿದ್ದು, ಅಷ್ಟೇ’ ಎಂದರು. ಹೌದು, ಆ ದಿನ ಅವರು ಮನೆಯಿಂದ ಬಟ್ಟೆ ತರುವಷ್ಟರಲ್ಲಿ ಎಲ್ಲ ಮುಗಿದಿತ್ತು. ನಾನೇ ಅವಸರ ಮಾಡಿ ಮುಗಿಸಿದ್ದೆ.

ನಮ್ಮಲ್ಲಿ ಹೇಗೆಂದು ನಿನಗೆ ಗೊತ್ತು. ಹೆಸರಿಡುವ ಮೊದಲೇ ಹೋದ ಮಗುವಿಗೆ ಮಂತ್ರವಿಲ್ಲ, ತಿಥಿಯಿಲ್ಲ. ಸುಡುವುದಿಲ್ಲ, ಮಣ್ಣು ಮಾಡುತ್ತಾರೆ. ಹೆಂಗಸರು ಹೋಗುವುದಿಲ್ಲ. ಮನೆಯಲ್ಲಿ ಮಾತೆತ್ತುವುದಿಲ್ಲ. ಮಾತೆತ್ತದಿದ್ದರೆ ತಾಯಿ ಬೇಗ ಮರೆಯುತ್ತಾಳೆ ಎಂದು ನನ್ನ ಅಜ್ಜಿ, ನನ್ನ ಅಮ್ಮ, ನನ್ನ ಅತ್ತೆ ಎಲ್ಲರೂ ನಂಬಿದ್ದರು. ನಾನೂ ನಂಬಿದೆ. ನೀನು ಆಸ್ಪತ್ರೆಯಿಂದ ಬರುವ ಮೊದಲೇ ತೊಟ್ಟಿಲು ವಾಪಸು ಕಳಿಸಿದವಳು ನಾನು. ನೀನು ಹೊಲಿದಿಟ್ಟ ಜುಬ್ಬಾಗಳನ್ನು, ಆ ಹಳದಿ ಟೊಪ್ಪಿಯನ್ನು ಕೊಟ್ಟುಬಿಟ್ಟವಳೂ ನಾನು. ಬಂದು ಹೋಗುವವರಿಗೆಲ್ಲ ಬಾಗಿಲಲ್ಲೇ ‘ಆ ವಿಷಯ ಎತ್ತಬೇಡಿ’ ಎಂದು ಹೇಳಿದೆ. ನಿನ್ನ ಮನಸ್ಸಿಗೆ ಒಳ್ಳೆಯದಾಗಲಿ ಎಂದೇ ಮಾಡಿದ್ದು. ಅದು ತಪ್ಪೆಂದು ಈಗ ಒಪ್ಪಿಕೊಳ್ಳುತ್ತೇನೆ. ಮಾತಾಡಲು ಯಾರೂ ಇಲ್ಲದೆ ನೀನು ಆ ಹಾಡುಗಳ ಹತ್ತಿರ ಹೋಗಿದ್ದೀ, ಒಬ್ಬಳೇ ಪುಣೆಯಲ್ಲಿ ಕೂತು ಒಂದೊಂದೇ ಸಾಲು ಬಿಡಿಸಿದ್ದೀ. ನಿನಗೆ ಎಷ್ಟು ಕಷ್ಟವಾಗಿರಬೇಕು.

ಸೆಂಟ್ರಲ್ ಸ್ಟೇಷನ್ನಿನಲ್ಲಿ ಪುಣೆಯ ರೈಲು ಹೊರಡುವಾಗ ನೀನು ಕಿಟಕಿಯ ಸರಳಿನೊಳಗಿಂದ ನನ್ನ ಕೈ ಹಿಡಿದು, ‘ನನಗೆ ಅಂತ ಉಳಿದಿರೋದು ನೀನೊಬ್ಬಳೇ ಅಮ್ಮ’ ಎಂದಿದ್ದೆ. ಆ ಮಾತು ಕೇಳಿ ನಾನು ಹಿಗ್ಗಿದೆ, ನಾಚಿಕೆಗೆಟ್ಟವಳು. ರೈಲು ಹೋದ ಮೇಲೆ ಪ್ಲಾಟ್‌ಫಾರ್ಮಿನಲ್ಲಿ ಕೂತುಬಿಟ್ಟೆ. ನಿಮ್ಮಪ್ಪ ಬಿಸಿಲಿಗೆ ತಲೆ ಸುತ್ತಿತೆಂದು ಸೋಡಾ ಕುಡಿಸಿದರು.

ಒಂದು ಕೇಳಿಕೊಳ್ಳುತ್ತೇನೆ. ಸೋಮವಾರದೊಳಗೆ ಸಮೀರ್‌ಗೆ ಒಂದು ಫೋನು ಮಾಡು. ಸಹಿ ಹಾಕಬೇಡಿ ಎಂದು ಹೇಳಲಿಕ್ಕಲ್ಲ. ಅದು ನಿನ್ನ ಬಾಳು, ನಿನ್ನ ತೀರ್ಮಾನ. ಆವತ್ತು ಬೆಳಿಗ್ಗೆ ಏನಾಯಿತು ಎಂದು ಒಂದೇ ಒಂದು ಸಲ ಅವರನ್ನು ಕೇಳು. ನೀನು ಇದುವರೆಗೆ ಕೇಳಿಲ್ಲ, ನನಗೆ ಗೊತ್ತು. ‘ಯಾಕೆ ತೋರಿಸಲಿಲ್ಲ?’ ಎಂದು ಕೇಳಿದ್ದೀ, ಅವರು ತಲೆ ತಗ್ಗಿಸಿದ್ದಾರೆ. ಅಷ್ಟಕ್ಕೇ ನಿಂತಿದೆ.

ಸಮಯಕ್ಕೆ ಸರಿಯಾಗಿ ಊಟ ಮಾಡು. ಪುಣೆಯ ಬಿಸಿಲಿಗೆ ಮಜ್ಜಿಗೆ ಕುಡಿ. ತೇಂಗೊಳಲಿನ ಡಬ್ಬಿ ಹಾಗೇ ಇದೆ, ಪಾರ್ಸಲ್ ಮಾಡೋಣವೆಂದರೆ ಪುಡಿಯಾಗುತ್ತದೆಂದು ನಿಮ್ಮಪ್ಪ ದಿನಕ್ಕೆರಡು ತೆಗೆದು ತಿನ್ನುತ್ತಿದ್ದಾರೆ. ನಿನಗೆ ಏನೆಂದು ಹರಸಲಿ? ದೀರ್ಘಸುಮಂಗಲಿ ಎಂದು ಹರಸುವ ಅರ್ಹತೆ ನನಗೆ ಉಳಿದಿಲ್ಲ. ನಿನ್ನ ಕಣ್ಣೀರು ಯಾರ ಅಪ್ಪಣೆಗೂ ಕಾಯದೆ ಹರಿಯಲಿ, ಹರಿದ ಮೇಲೆ ನಿನಗೆ ನಿದ್ದೆ ಬರಲಿ. ರಾಯರು ನಿನ್ನನ್ನು ಕಾಪಾಡಲಿ.

ನಿನ್ನ ಅಮ್ಮ,
ರಮಾಬಾಯಿ

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದ್ದೇನೆ. ಸಮೀರ್‌ನನ್ನು ಕೇಳು ಎಂದು ಮೇಲೆ ಬರೆದೆ. ಕೇಳಿದರೂ ಅವರು ಹೇಳುವುದಿಲ್ಲ. ನಾನೇ ಹೇಳಬೇಕು. ನಿಮ್ಮಪ್ಪನಿಗೂ ಇದು ಗೊತ್ತಿಲ್ಲ.

ನಿನ್ನ ಮಗಳನ್ನು ಸಮೀರ್ ನಿನ್ನ ಹತ್ತಿರ ತಂದಿದ್ದರು. ನೀನು ಏಳಲಾಗದೆ ಒಮ್ಮೆಯೂ ಹತ್ತದ ಮೇಲಿನ ಮಹಡಿಯ ಗಾಜಿನ ಕೋಣೆಯಿಂದ ಬಿಳಿ ಟವಲಿನಲ್ಲಿ ಸುತ್ತಿ ಎದೆಗಿಟ್ಟುಕೊಂಡು, ನಿನ್ನ ವಾರ್ಡಿನ ಬಾಗಿಲವರೆಗೆ ತಂದಿದ್ದರು. ‘ಒಂದು ಸಲ ಅವಳ ಕೈಗೆ ಕೊಡ್ತೀನಿ ಅತ್ತೆ’ ಎಂದರು. ನಾನು ಬಾಗಿಲಿಗೆ ಅಡ್ಡ ನಿಂತೆ. ಬೇಡ, ನೋಡಿದರೆ ಮರೆಯುವುದಿಲ್ಲ, ಒಯ್ದುಬಿಡಿ ಎಂದೆ. ಅವರು ಹೋಗಲಿಲ್ಲ, ಮತ್ತೆ ಕೇಳಿದರು. ಅವಳು ಕೇಳಿದರೆ ‘ನಾನೇ ಬೇಡವೆಂದೆ’ ಅಂತ ಹೇಳಿ, ಗಂಡನ ಮಾತೆಂದರೆ ಒಪ್ಪಿಕೊಳ್ಳುತ್ತಾಳೆ ಎಂದು ಅದನ್ನೂ ಹೇಳಿಕೊಟ್ಟೆ. ಇಷ್ಟು ದಿನ ನೀವು ಯಾಕೆ ಬಾಯಿ ಬಿಡಲಿಲ್ಲ ಎಂದು ಮೊನ್ನೆ ಮಂಗಳವಾರ ಅವರನ್ನು ಕಳಿಸಲು ಗೇಟಿನವರೆಗೆ ಹೋದಾಗ ಕೇಳಿದೆ. ‘ಆಗ ಅವಳಿಗೆ ಅಮ್ಮ ಬೇಕಾಗಿತ್ತು ಅತ್ತೆ’ ಎಂದರು.

ನಿನ್ನ ಮಗಳಿಗೆ ತಲೆತುಂಬ ಕೂದಲಿತ್ತು. ಎಡಕಿವಿ ಸ್ವಲ್ಪ ಮಡಿಚಿಕೊಂಡಿತ್ತು. ಬೆರಳು ನಿನ್ನವೇ, ಉದ್ದ. ನಾನು ನೋಡಿದೆ.

ನೀನು ಎಚ್ಚರವಾಗಿದ್ದೆ, ಸುಮೇಧಾ. ಮಾತು ಕೇಳಿಸಿ ಒಳಗಿನಿಂದ ‘ಯಾರಮ್ಮ ಅದು?’ ಎಂದೆ. ನಾನು ಬಾಗಿಲು ಎಳೆದುಕೊಂಡು, ‘ಯಾರೂ ಇಲ್ಲ, ಮಲ್ಕೋ’ ಎಂದೆ.